ಎಕ್ಮೋಗೆ ಮೊದಲಿನ ಏಳು ದಿನ

ನುಗ್ಗೇಹಳ್ಳಿಯಿಂದ ಚನ್ನರಾಯಪಟ್ಟಣ, ಅಲ್ಲಿಂದ ಹಾಸನ, ಅದೂ ಆಗದಿದ್ದರೆ ಬೆಂಗಳೂರು. ಉಸಿರು ಕೈಕೊಟ್ಟ ರೋಗಿಗಳನ್ನು ಈ ದಾರಿಯಲ್ಲಿ ಕಳಿಸುತ್ತ ಕಲಿತದ್ದು ಇಷ್ಟು.

1. ಎಕ್ಮೋ ಯಂತ್ರ ಶ್ವಾಸಕೋಶವನ್ನು ವಾಸಿಮಾಡುವುದಿಲ್ಲ. ತೊಡೆಯ ರಕ್ತನಾಳದಿಂದ ನಿಮಿಷಕ್ಕೆ 4–5 ಲೀಟರ್ ರಕ್ತ ಹೊರಗೆಳೆದು, ಕೃತಕ ಪೊರೆಯಲ್ಲಿ ಆಮ್ಲಜನಕ ತುಂಬಿ, ಕತ್ತಿನ ನಾಳಕ್ಕೆ ಬಿಡುತ್ತದೆ. ಅದು ನಡೆಯುವಷ್ಟು ದಿನ ಶ್ವಾಸಕೋಶಕ್ಕೆ ಬಿಡುವು. ಚೇತರಿಸಿಕೊಳ್ಳಬಲ್ಲ ಶ್ವಾಸಕೋಶಕ್ಕೆ ಮಾತ್ರ ಈ ಬಿಡುವಿನಿಂದ ಲಾಭ. ನ್ಯುಮೋನಿಯಾ, ಎಚ್1ಎನ್1 ಆದರೆ ಆಸೆಯಿದೆ. ಕಳೆನಾಶಕ ಪ್ಯಾರಾಕ್ವಾಟ್‌ನಿಂದ ನಾರುಗಟ್ಟಿದ ಶ್ವಾಸಕೋಶಕ್ಕೆ ಕಸಿಯೊಂದೇ ದಾರಿ. ಕಟ್ಟುಹಾವು ಕಚ್ಚಿದವರಿಗೆ ಎಕ್ಮೋ ಬೇಡವೇ ಬೇಡ: ಅಲ್ಲಿ ಸೋತಿರುವುದು ಉಸಿರಾಟದ ಸ್ನಾಯು. ಉಸಿರಿಗೆ ವೆಂಟಿಲೇಟರ್ ಸಾಕು.

2. ಮೊದಲು ಬೋರಲು ಮಲಗಿಸಿ. ದಿನಕ್ಕೆ 16 ಗಂಟೆಯಷ್ಟು. 2013ರ ಫ್ರೆಂಚ್ ಅಧ್ಯಯನದಲ್ಲಿ ಇದರಿಂದಲೇ ಸಾವು ಅರ್ಧಕ್ಕಿಳಿಯಿತು. ಬೇಕಿರುವುದು ನಾಲ್ಕೈದು ಜನ, ಒಂದಷ್ಟು ದಿಂಬು.

3. ಫೋನ್ ಬೇಗ ಮಾಡಿ. ಎಬಿಜಿಯ (ಅಪಧಮನಿ ರಕ್ತದ ಪರೀಕ್ಷೆಯ) ಆಮ್ಲಜನಕದ ಅಂಕಿಯನ್ನು ನಾವು ಕೊಡುತ್ತಿರುವ ಆಮ್ಲಜನಕದ ಪಾಲಿನಿಂದ ಭಾಗಿಸಿದಾಗ 80ಕ್ಕಿಂತ ಕಡಿಮೆ ಬಂದು, ಆರು ಗಂಟೆಯಾದರೂ ಏರದಿದ್ದರೆ ಎಕ್ಮೋ ಯೋಚಿಸಬೇಕು. 2018ರ ಇಯೋಲಿಯಾ ಅಧ್ಯಯನ ಸೇರಿಸಿಕೊಂಡದ್ದು ವೆಂಟಿಲೇಟರ್ ಹಾಕಿ ಏಳು ದಿನ ಮೀರದವರನ್ನಷ್ಟೇ. ಅಲ್ಲಿ 60 ದಿನದೊಳಗೆ ಎಕ್ಮೋ ಗುಂಪಿನಲ್ಲಿ ನೂರಕ್ಕೆ 35, ವೆಂಟಿಲೇಟರ್ ಚಿಕಿತ್ಸೆಯನ್ನೇ ಮುಂದುವರಿಸಿದ ಗುಂಪಿನಲ್ಲಿ 46 ಜನ ತೀರಿಕೊಂಡರು. ಲೆಕ್ಕಶಾಸ್ತ್ರದ ಪ್ರಕಾರ ಇದು ಖಚಿತ ಗೆಲುವಲ್ಲ. ನನಗಂತೂ ಕಡೆಗಣಿಸುವ ಅಂತರವೂ ಅಲ್ಲ. ಹಾಗಾಗಿ ಬೋರಲು ಹಾಕಿದ ದಿನವೇ ಬೆಂಗಳೂರಿಗೆ ಫೋನ್ ಮಾಡುತ್ತೇನೆ. ಹತ್ತನೇ ದಿನ ಮಾಡಿದರೆ ಅವರೂ ಏನು ಹೇಳಿಯಾರು?

4. ಖರ್ಚು, ಅಪಾಯ ಎರಡನ್ನೂ ಮನೆಯವರಿಗೆ ಆಂಬುಲೆನ್ಸ್ ಹತ್ತುವ ಮೊದಲೇ ಹೇಳಿ. 2020ರಲ್ಲಿ ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ ಚೆನ್ನೈಯಲ್ಲಿ ವಾರಗಟ್ಟಲೆ ಎಕ್ಮೋ ಮೇಲಿದ್ದು, ಸೆಪ್ಟೆಂಬರ್ 25ರಂದು ತೀರಿಕೊಂಡರು. ಆಮೇಲೆ ಎಕ್ಮೋ ಹೆಸರು ಹಳ್ಳಿಗಳಿಗೂ ಗೊತ್ತು. “ಎಸ್ಪಿಬಿಗೆ ಹಾಕಿದ್ರಲ್ಲ ಸಾರ್, ಆ ಮಷೀನ್ ಹಾಕ್ಸಿಬಿಡಿ” ಅನ್ನುತ್ತಾರೆ. ಖರ್ಚು ಲಕ್ಷಗಳಲ್ಲಿ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್‌ನಿಂದ ಮೆದುಳಲ್ಲಿ ರಕ್ತಸ್ರಾವವೂ ಆಗಬಹುದು. ತೆಂಗಿನ ತೋಟ ಮಾರಿದ ಮೇಲೆ ಇದನ್ನು ಕೇಳಿಸಿಕೊಳ್ಳುವ ಪಾಡು ಯಾರಿಗೂ ಬರಬಾರದು.

5. ದಾರಿಗೆ ಬೇಕಾದ ಆಮ್ಲಜನಕದ ಸಿಲಿಂಡರ್ ಲೆಕ್ಕ ಹಾಕಿ. ಬಿ ಟೈಪ್‌ನಲ್ಲಿ ಸುಮಾರು 1500 ಲೀಟರ್. ನಿಮಿಷಕ್ಕೆ 15 ಲೀಟರ್ ಹೋದರೆ 100 ನಿಮಿಷ. ಬೆಂಗಳೂರಿಗೆ ಮೂರು ಗಂಟೆಯ ಹಾದಿ, ನೆಲಮಂಗಲದ ಟ್ರಾಫಿಕ್ ಬೇರೆ. 7000 ಲೀಟರಿನ ಜಂಬೋ ಹತ್ತಿಸಿ, ಸಿಲಿಂಡರ್ ತೆರೆಯುವ ಕೀಲಿ ಜೊತೆಗಿದೆಯೇ ಎಂದು ನೋಡಿಕೊಂಡೇ ಬಿಡಿ.