ಹಳೇ ಕಾರಿನ ಗೇರ್ ಬೀಳುತ್ತಿಲ್ಲವೇ? ಗೇರ್ ಬಾಕ್ಸ್ ಬಿಚ್ಚಿಸುವ ಮೊದಲು ಕ್ಲಚ್ ನೋಡಿ



ಬೆಳಗಿನ ಹೊತ್ತು ಸಂಘದ ಮುಂದೆ ನಿಲ್ಲುವ ಬೈಕು, ಸೈಕಲ್ಲುಗಳ ನಡುವೆ ಒಂದಾದರೂ ಹಳೇ ಮಾರುತಿ ಓಮ್ನಿಯೋ ಮಾರುತಿ 800 ಕಾರೋ ಇರುತ್ತದೆ. 800ರ ತಯಾರಿಕೆ 2014ರಲ್ಲಿ ನಿಂತಿತು, ಓಮ್ನಿಯದು 2019ರಲ್ಲಿ. ಆದರೂ ನಮ್ಮ ಹಳ್ಳಿಗಳಲ್ಲಿ ಇವು ಇನ್ನೂ ದುಡಿಯುತ್ತಿವೆ. ಮನೆಮಂದಿಯ ಓಡಾಟಕ್ಕೂ ಅದೇ, ಹಾಲಿನ ಕ್ಯಾನಿಗೂ ಅದೇ, ಪಶು ಆಹಾರದ ಮೂಟೆಗೂ ಅದೇ.

ಇಂಥ ಗಾಡಿಯಲ್ಲಿ ಒಂದು ದಿನ ಮೊದಲನೇ ಗೇರ್ ಬೀಳುವುದಿಲ್ಲ, ರಿವರ್ಸ್ ಹಾಕಿದರೆ ಕರಕರ ಎನ್ನುತ್ತದೆ. ನೋಡಿದವರು ಥಟ್ಟನೆ ‘ಗೇರ್ ಬಾಕ್ಸ್ ಹೋಗಿದೆ’ ಎಂದುಬಿಡುತ್ತಾರೆ. ಆ ಮಾತು ನಂಬಿ ಗೇರ್ ಬಾಕ್ಸ್ ಇಳಿಸಿದರೆ ಹಾಲಿನ ಬಟವಾಡೆ ಪೂರ್ತಿ ಅದಕ್ಕೇ ಹೋದೀತು. ಎಷ್ಟೋ ಸಲ ದೋಷ ಇರುವುದು ಗೇರ್ ಬಾಕ್ಸಿನಲ್ಲಲ್ಲ, ಕ್ಲಚ್ ಕೇಬಲ್ಲಿನಲ್ಲಿ. ಯಾವುದರಲ್ಲಿದೆ ಎಂದು ಮನೆಯ ಅಂಗಳದಲ್ಲೇ ಹತ್ತು ನಿಮಿಷದಲ್ಲಿ ತಿಳಿಯಬಹುದು.

ಮೊದಲು ಕ್ಲಚ್ ಮಾಡುವ ಕೆಲಸವನ್ನು ತಿಳಿದುಕೊಳ್ಳಿ. ಎಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರದ ಚಕ್ರ ತಿರುಗುತ್ತಿರುತ್ತದೆ. ಅದಕ್ಕೆ ಅಂಟಿದಂತೆ ಕ್ಲಚ್ ಪ್ಲೇಟ್ ಇದೆ. ಪ್ಲೇಟನ್ನು ಹಿಂದಿನಿಂದ ಅದುಮಿ ಹಿಡಿಯುವುದು ಪ್ರೆಷರ್ ಪ್ಲೇಟ್. ನೀವು ಪೆಡಲ್ ಒತ್ತಿದಾಗ ಕೇಬಲ್ ಒಂದು ತೋಳನ್ನು ಎಳೆಯುತ್ತದೆ, ತೋಳು ರಿಲೀಸ್ ಬೇರಿಂಗನ್ನು ನೂಕುತ್ತದೆ, ಹಿಡಿತ ಬಿಡುತ್ತದೆ. ಆಗ ಎಂಜಿನ್ ತಿರುಗುತ್ತಿದ್ದರೂ ಗೇರ್ ಬಾಕ್ಸಿಗೆ ಹೋಗುವ ಶಾಫ್ಟ್ ನಿಲ್ಲುತ್ತದೆ, ಗೇರ್ ಸಲೀಸಾಗಿ ಕೂರುತ್ತದೆ. ತಿರುಗುತ್ತಿರುವ ಮೇವು ಕತ್ತರಿಸುವ ಯಂತ್ರದ ಬೆಲ್ಟನ್ನು ಸಡಿಲಿಸಿದ ಹಾಗೆ ಎಂದುಕೊಳ್ಳಿ.

ಈಗ ಪರೀಕ್ಷೆ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಆಫ್ ಇರಲಿ. ಕ್ಲಚ್ ಪೂರ್ತಿ ಒತ್ತಿ ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಿ. ಹಲ್ಲಿಗೆ ಹಲ್ಲು ಎದುರಾಗಿ ಒಂದು ಗೇರ್ ತಡೆದರೆ ಕ್ಲಚ್ ಒಮ್ಮೆ ಬಿಟ್ಟು ಮತ್ತೆ ಒತ್ತಿ ಹಾಕಿ. ಆಮೇಲೆ ನ್ಯೂಟ್ರಲ್‌ಗೆ ತಂದು ಎಂಜಿನ್ ಶುರು ಮಾಡಿ ಅದೇ ಕೆಲಸ ಮಾಡಿ. ಗಾಡಿಯ ಮುಂದೆ, ಹಿಂದೆ ಮಕ್ಕಳಾಗಲಿ ದನವಾಗಲಿ ಇರಬಾರದು.

ಎಂಜಿನ್ ಆಫ್ ಇದ್ದಾಗ ಎಲ್ಲವೂ ಬಿದ್ದು, ಶುರುವಾದ ಮೇಲೆ ಬೀಳದಿದ್ದರೆ, ಮೊದಲು ಅನುಮಾನ ಪಡಬೇಕಾದ್ದು ಕ್ಲಚ್ಚನ್ನು. ಅದು ಪೂರ್ತಿ ಬಿಡುತ್ತಿಲ್ಲ. ಇದನ್ನು ಗಟ್ಟಿ ಮಾಡಿಕೊಳ್ಳಲು ರಿವರ್ಸ್ ಸಾಕ್ಷಿ. ಪೆಡಲ್ ಒತ್ತಿ ಹಿಡಿದು ಐದರವರೆಗೆ ಎಣಿಸಿ, ನಂತರ ರಿವರ್ಸ್ ಹಾಕಿ. ಆಗಲೂ ಕರಕರ ಎಂದರೆ ಒಳಗೆ ಪ್ಲೇಟ್ ಇನ್ನೂ ತಿರುಗುತ್ತಿದೆ. ಎಂಜಿನ್ ಆಫ್ ಇದ್ದಾಗಲೂ ಲಿವರ್ ಬಿಗಿಯಾಗಿದ್ದರೆ ಕ್ಲಚ್ಚನ್ನು ದೂರಬೇಡಿ. ಲಿವರ್‌ನಿಂದ ಗೇರ್ ಬಾಕ್ಸಿಗೆ ಹೋಗುವ ಜೋಡಣೆ ತುಕ್ಕು ಹಿಡಿದಿರಬಹುದು, ಅದರ ಬುಷ್ ಸವೆದಿರಬಹುದು, ಇಲ್ಲವೇ ಗೇರ್ ಬಾಕ್ಸಿನ ಒಳಗೇ ತೊಂದರೆ ಇರಬಹುದು.

ಕ್ಲಚ್ ಬಿಡುತ್ತಿಲ್ಲ ಎಂದು ಗೊತ್ತಾದ ಮೇಲೆ ಮೊದಲು ನೋಡಬೇಕಾದ್ದು ಪೆಡಲ್ ಕೆಳಗಿನ ನೆಲ. ನಗಬೇಡಿ. ಸೆಗಣಿ ಕಾಲಿನ ಕೆಸರು ಹತ್ತದಿರಲಿ ಎಂದು ನಾವು ಅಲ್ಲಿ ಗೋಣಿಚೀಲ ಹಾಸುತ್ತೇವೆ. ಅದು ಮಡಚಿಕೊಂಡು ಪೆಡಲ್ ಅಡಿಗೆ ಸೇರಿದರೆ ಪೆಡಲ್ ಪೂರ್ತಿ ಇಳಿಯುವುದೇ ಇಲ್ಲ.

ನೆಲ ಸರಿಯಿದ್ದರೆ ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿ. ಮೊದಲು ಸ್ವಲ್ಪ ದೂರ ಅದು ಹಗುರವಾಗಿ ಹೋಗುತ್ತದೆ, ಆಮೇಲೆ ಬಿಗಿ ಹತ್ತುತ್ತದೆ. ಈ ಹಗುರ ಓಟಕ್ಕೆ ಮೆಕ್ಯಾನಿಕ್‌ಗಳು ‘ಫ್ರೀ ಪ್ಲೇ’ ಎನ್ನುತ್ತಾರೆ. ಇಂಥ ಚಿಕ್ಕ ಗಾಡಿಗಳಲ್ಲಿ ಅದು ಸುಮಾರು 2 ಸೆಂ.ಮೀ. ಇರಬೇಕು, ಗಾಡಿಯ ಪುಸ್ತಕ ಇದ್ದರೆ ಅದರಲ್ಲಿ ಬರೆದ ಅಳತೆಯೇ ಅಂತಿಮ.

ಇಲ್ಲಿ ಗಮನ ಕೊಟ್ಟು ಓದಿ, ಹೆಚ್ಚಿನ ಹಾಳು ಇಲ್ಲೇ ಆಗುವುದು. ಕೇಬಲ್ ಹಿಗ್ಗಿದರೆ ಫ್ರೀ ಪ್ಲೇ ಜಾಸ್ತಿಯಾಗುತ್ತದೆ, ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಕರಕರ ಎನ್ನುತ್ತದೆ. ಪ್ಲೇಟ್ ಸವೆದರೆ ಇದಕ್ಕೆ ತದ್ವಿರುದ್ಧ: ಫ್ರೀ ಪ್ಲೇ ಕಡಿಮೆಯಾಗುತ್ತಾ ಬಂದು ಕೊನೆಗೆ ಇಲ್ಲವಾಗುತ್ತದೆ, ಕ್ಲಚ್ ಪೂರ್ತಿ ಹಿಡಿಯುವುದಿಲ್ಲ, ಜಾರುತ್ತದೆ. ಎರಡಕ್ಕೂ ತಿರುಗಿಸುವ ನಟ್ಟು ಒಂದೇ. ಅದು ಗೇರ್ ಬಾಕ್ಸ್ ಕಡೆ, ಕೇಬಲ್ಲಿನ ತುದಿಯಲ್ಲಿದೆ. ಬಿಗಿ ಮಾಡಿದರೆ ಫ್ರೀ ಪ್ಲೇ ಕಡಿಮೆ, ಸಡಿಲಿಸಿದರೆ ಹೆಚ್ಚು. ಜಾರುತ್ತಿರುವ ಕ್ಲಚ್ಚಿನ ನಟ್ಟನ್ನು ‘ಟೈಟ್ ಮಾಡಿದರೆ ಹಿಡಿದೀತು’ ಎಂದು ಬಿಗಿ ಮಾಡಿದರೆ ಉಳಿದಿದ್ದ ಪ್ಲೇಟೂ ಸುಟ್ಟುಹೋಗುತ್ತದೆ. ಆದ್ದರಿಂದ ಅಳತೆ ನೋಡದೆ ನಟ್ಟು ಮುಟ್ಟಲು ಯಾರಿಗೂ ಬಿಡಬೇಡಿ.

ಜಾರುವುದನ್ನು ಗುರುತಿಸುವುದು ಸುಲಭ. ಏರಿನಲ್ಲಿ ಎಂಜಿನ್ ಸದ್ದು ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಅನುಮಾನವಿದ್ದರೆ ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು, ಬಲಗಾಲು ಬ್ರೇಕ್ ಮೇಲಿಟ್ಟು, ಮೂರನೇ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡಿ. ಒಳ್ಳೆಯ ಕ್ಲಚ್ ಆದರೆ ಎಂಜಿನ್ ಆಫ್ ಆಗುತ್ತದೆ. ಪೂರ್ತಿ ಬಿಟ್ಟ ಮೇಲೂ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಇದನ್ನು ಒಮ್ಮೆ ಮಾತ್ರ ಮಾಡಿ, ಮತ್ತೆ ಮತ್ತೆ ಮಾಡಿದರೆ ಪರೀಕ್ಷೆಯೇ ಪ್ಲೇಟನ್ನು ತಿನ್ನುತ್ತದೆ.

ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯದು ಬೇರೆ ಕಥೆ. ತುಕ್ಕಿನಿಂದ ಪ್ಲೇಟ್ ಫ್ಲೈವೀಲಿಗೆ ಅಂಟಿಕೊಂಡು, ಪೆಡಲ್ ಎಷ್ಟು ಒತ್ತಿದರೂ ಬಿಡುವುದಿಲ್ಲ. ವಾರಕ್ಕೊಮ್ಮೆಯಾದರೂ ಶುರು ಮಾಡಿ ಸ್ವಲ್ಪ ಓಡಿಸುವುದು ಒಳ್ಳೆಯದು.

ಒಂದೇ ಗೇರ್, ಹೆಚ್ಚಾಗಿ ಎರಡನೆಯದು, ಓಡುತ್ತಿರುವಾಗ ಕರಕ್ ಎನ್ನುತ್ತದೆ, ಉಳಿದವು ಸರಿಯಿವೆ ಎಂದರೆ ಕ್ಲಚ್ ನಿರಪರಾಧಿ. ಗೇರ್ ಬಾಕ್ಸಿನಲ್ಲಿ ಎರಡು ವೇಗಗಳನ್ನು ಹೊಂದಿಸುವ ಸಿಂಕ್ರೊನೈಸರ್ ರಿಂಗ್ ಸವೆದಿರುತ್ತದೆ. ಜೋಡೆತ್ತುಗಳ ಹೆಜ್ಜೆ ಹೊಂದದೆ ನೊಗ ಎಳೆದಾಡಿದ ಹಾಗೆ. ಬಿದ್ದ ಗೇರ್ ತಾನಾಗಿ ಹೊರಗೆ ಹಾರುತ್ತಿದ್ದರೆ ಲಿವರ್ ಜೋಡಣೆ ಮತ್ತು ಎಂಜಿನ್ ಕೂತಿರುವ ರಬ್ಬರ್ ಮೌಂಟಿಂಗುಗಳನ್ನು ಮೊದಲು ನೋಡಿಸಿ. ಗೇರ್ ಎಣ್ಣೆಯ ಮಟ್ಟವನ್ನೂ ನೋಡಿಸಿ. ಎಂಜಿನ್ ಎಣ್ಣೆ ನೋಡುವವರೂ ಇದನ್ನು ಮರೆತುಬಿಡುತ್ತಾರೆ.

ಸದ್ದಿಗೂ ಅರ್ಥವಿದೆ. ಗಾಡಿ ನ್ಯೂಟ್ರಲ್‌ನಲ್ಲಿ ನಿಂತಿರುವಾಗ ಪೆಡಲ್ ಒತ್ತಿದರೆ ಸದ್ದು ಬಂದು ಬಿಟ್ಟರೆ ನಿಲ್ಲುತ್ತದೆ ಎಂದರೆ ಅನುಮಾನ ರಿಲೀಸ್ ಬೇರಿಂಗಿನ ಮೇಲೆ. ಬಿಟ್ಟಾಗ ಬಂದು ಒತ್ತಿದಾಗ ನಿಂತರೆ ಗೇರ್ ಬಾಕ್ಸಿನ ಮುಂದಿನ ಶಾಫ್ಟಿನ ಬೇರಿಂಗ್ ಮೇಲೆ. ಇಷ್ಟು ಹೇಳಿದರೆ ಮೆಕ್ಯಾನಿಕ್‌ಗೂ ಅರ್ಧ ಕೆಲಸ ಮುಗಿಯುತ್ತದೆ.

ಪ್ಲೇಟ್ ಬದಲಿಸುವುದೇ ಆದರೆ ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಸೇರಿಸಿ ಪೂರ್ತಿ ಸೆಟ್ ಹಾಕಿಸಿ. ಗೇರ್ ಬಾಕ್ಸ್ ಇಳಿಸುವ ಕೂಲಿ ಒಂದಕ್ಕೂ ಅಷ್ಟೇ, ಮೂರಕ್ಕೂ ಅಷ್ಟೇ. ಎಂಜಿನ್ ಹಿಂಬದಿಯ ಆಯಿಲ್ ಸೀಲ್ ಒಸರುತ್ತಿದೆಯೇ ಎಂದು ಅದೇ ಹೊತ್ತಿಗೆ ನೋಡಿಸಿ. ಎಣ್ಣೆ ಬಿದ್ದರೆ ಹೊಸ ಪ್ಲೇಟೂ ಜಾರುತ್ತದೆ. ತೆಗೆದ ಹಳೇ ಸಾಮಾನು ಕೇಳಿ ಪಡೆಯಿರಿ. ಹಳೇ ಪ್ಲೇಟುಗಳ ದೂಳಿನಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಗಾಳಿ ಹೊಡೆದು ಹಾರಿಸುವಾಗ ಹತ್ತಿರ ನಿಲ್ಲಬೇಡಿ, ಒದ್ದೆ ಬಟ್ಟೆಯಿಂದ ಒರೆಸಲು ಹೇಳಿ.

ಹೊಸ ಸೆಟ್ ಬಾಳುವುದು ನಿಮ್ಮ ಎಡಗಾಲಿನ ಮೇಲೆ. ಓಡಿಸುವಾಗ ಪಾದವನ್ನು ಪೆಡಲ್ ಮೇಲೆ ಇಟ್ಟುಕೊಂಡಿರಬೇಡಿ. ಏರಿನಲ್ಲಿ ಗಾಡಿಯನ್ನು ಹಾಫ್ ಕ್ಲಚ್ಚಿನಲ್ಲಿ ನಿಲ್ಲಿಸಿಕೊಳ್ಳದೆ ಹ್ಯಾಂಡ್ ಬ್ರೇಕ್ ಬಳಸಿ. ಭಾರವನ್ನೂ ಲೆಕ್ಕ ಹಾಕಿ: 40 ಲೀಟರ್ ಹಾಲು ಎಂದರೆ 41 ಕಿಲೋಗೂ ಹೆಚ್ಚು, ಆರು ತುಂಬಿದ ಕ್ಯಾನ್ ಸೇರಿದರೆ ಕ್ಯಾನಿನ ತೂಕ ಕೂಡಿ 250 ಕಿಲೋ ದಾಟುತ್ತದೆ. 796 ಸಿ.ಸಿ. ಎಂಜಿನ್ನಿನ ಗಾಡಿಗೆ ಕೆಸರಿನಲ್ಲಿ ಅದು ಸಣ್ಣ ಭಾರವಲ್ಲ. ಚಕ್ರ ಹೂತರೆ ಕ್ಲಚ್ ಸುಡುವ ಬದಲು ಕ್ಯಾನ್ ಇಳಿಸಿ, ನಾಲ್ಕು ಜನ ನೂಕಿ.

ಕೇಬಲ್ಲಿನ ಒಂದೆರಡು ಎಳೆ ಕಿತ್ತಿದ್ದು ಕಂಡರೆ ಅದೇ ವಾರ ಬದಲಿಸಿ. ದಾರಿಯಲ್ಲೇ ತುಂಡಾದರೆ ಪೆಡಲ್ ದಪ್ಪನೆ ನೆಲಕ್ಕೆ ಬೀಳುತ್ತದೆ. ಆಗ ಲಿವರ್ ಎಳೆದು ನ್ಯೂಟ್ರಲ್ ಮಾಡಿ, ಬ್ರೇಕ್ ಹಿಡಿದು ಪಕ್ಕಕ್ಕೆ ನಿಲ್ಲಿಸಿ. ಕ್ಯಾನ್ ತುಂಬಿಕೊಂಡು ಕ್ಲಚ್ ಇಲ್ಲದೆ ಓಡಿಸುವ ಸಾಹಸ ಬೇಡ. ಬಿಸಿಲಿನಲ್ಲಿ ಹಾಲು ಕಾಯುವುದಿಲ್ಲ, ಗಾಡಿ ಕಾಯುತ್ತದೆ. ಸಂಘದ ಕಾರ್ಯದರ್ಶಿಯವರಿಗೆ ಫೋನ್ ಮಾಡಿ, ಕ್ಯಾನುಗಳನ್ನು ಮೊದಲು ಬೇರೆ ಗಾಡಿಯಲ್ಲಿ ಕಳಿಸಿಕೊಡಿ.