ಮಳೆಗಾಲಕ್ಕೆ ನಿಲ್ಲಿಸಿಟ್ಟ ಬೈಕು: ‘ನಶಿಸುವಿಕೆ’ ಪಾಠದ ಒಂದು ಅನುಭವ

ತರಗತಿ: 10
ವಿಷಯ: ವಿಜ್ಞಾನ
ಉಪಘಟಕ: ಲೋಹಗಳ ನಶಿಸುವಿಕೆ
ಅವಧಿ: 40 ನಿಮಿಷಗಳ ಎರಡು ತರಗತಿಗಳು

ಸಂದರ್ಭ

ಅಭ್ಯಾಸ ಬೋಧನೆಗೆ ನಾನು ಹೋದದ್ದು ಅರಂತೋಡಿನ ಒಂದು ಪ್ರೌಢಶಾಲೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದ ಊರು. ಒಬ್ಬ ವಿದ್ಯಾರ್ಥಿಯ ತಂದೆ ಕೆಲಸಕ್ಕೆಂದು ಗಲ್ಫ್‌ಗೆ ಹೋಗಿದ್ದರು. ಬೈಕು ಅಡಿಕೆ ಶೆಡ್ಡಿನಲ್ಲಿತ್ತು, ಸಾಲದ ಕಂತು ಇನ್ನೂ ಮುಗಿದಿರಲಿಲ್ಲ. “ಅಪ್ಪ ಬರುವಾಗ ಅದು ಸ್ಟಾರ್ಟ್ ಆಗ್ತದಾ ಟೀಚರ್?” ಎಂಬ ಅವನ ಪ್ರಶ್ನೆಯನ್ನೇ ಪಾಠದ ಸಮಸ್ಯೆಯಾಗಿ ತೆಗೆದುಕೊಂಡೆ.

ಪರಿಶೋಧನೆ

ಮೂರು ಪ್ರನಾಳಗಳಲ್ಲಿ ಕಬ್ಬಿಣದ ಮೊಳೆಗಳನ್ನು ಇಟ್ಟೆವು. ಒಂದರಲ್ಲಿ ಸಾಮಾನ್ಯ ನೀರು; ಇನ್ನೊಂದರಲ್ಲಿ ಕುದಿಸಿ ಆರಿಸಿದ ನೀರಿನ ಮೇಲೆ ಎಣ್ಣೆಯ ಪದರ; ಮತ್ತೊಂದರಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್, ಬಾಯಿಗೆ ಬಿರಡೆ. ಕೆಲವು ದಿನಗಳ ನಂತರ ತುಕ್ಕು ಕಂಡದ್ದು ಮೊದಲನೆಯದರಲ್ಲಿ ಮಾತ್ರ. ತುಕ್ಕಿಗೆ ಗಾಳಿ, ನೀರು ಎರಡೂ ಬೇಕೆಂದು ಮಕ್ಕಳೇ ಹೇಳಿದರು.

ಆಗ ಕೇಳಿದೆ: “ಬೈಕಿಗೆ ಪ್ಲಾಸ್ಟಿಕ್ ಟರ್ಪಾಲು ಬಿಗಿಯಾಗಿ ಸುತ್ತಿದರೆ ಸಾಕೇ?” ಹೆಚ್ಚಿನವರು ಸಾಕೆಂದರು. ಒಬ್ಬಳು ಮಾತ್ರ, “ಒಳಗಿನ ಪಸೆ ಹೊರಗೆ ಹೋಗುವುದಿಲ್ಲವಲ್ಲ” ಎಂದಳು. ಪಾಠ ತಿರುಗಿದ್ದು ಅಲ್ಲಿ. ಗಾಳಿಯಾಡುವ ಬಟ್ಟೆಯ ಹೊದಿಕೆಯೇ ಲೇಸೆಂದು ತರಗತಿ ಒಪ್ಪಿತು.

ವಿವರಣೆ: ಕ್ರಮ ಮತ್ತು ಕಾರಣ

ಕರಿಹಲಗೆಯ ಎಡಕ್ಕೆ ‘ಏನು ಮಾಡಬೇಕು’, ಬಲಕ್ಕೆ ‘ಏಕೆ’ ಎಂದು ಬರೆದೆ. ಬಲಭಾಗವನ್ನು ಮಕ್ಕಳು ತುಂಬಿದರು.

1. ತೊಳೆದು ಪೂರ್ತಿ ಒಣಗಿಸುವುದು: ಕೆಸರು ತೇವವನ್ನು ಹಿಡಿದಿಡುತ್ತದೆ.
2. ಟ್ಯಾಂಕಿಗೆ ಪೆಟ್ರೋಲು ತುಂಬಿಸುವುದು: ಖಾಲಿ ಜಾಗ ಕಡಿಮೆಯಾದರೆ ಒಳಗೆ ತೇವದ ಗಾಳಿಯೂ ಕಡಿಮೆ. ಪೆಟ್ರೋಲಿಗೆ ಬೆರೆಸಿರುವ ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ.
3. ಎಂಜಿನ್ ಆಯಿಲ್ ಬದಲಿಸಿ ಸ್ವಲ್ಪ ಹೊತ್ತು ಓಡಿಸುವುದು: ಹಳೆಯ ಆಯಿಲ್‌ನಲ್ಲಿ ಆಮ್ಲೀಯ ಅಂಶಗಳಿರುತ್ತವೆ, ಹೊಸದು ಒಳಭಾಗಗಳಿಗೆಲ್ಲ ಹರಡಬೇಕು.
4. ಚೈನಿಗೆ ಎಣ್ಣೆ ಹಚ್ಚುವುದು: ಎರಡನೆಯ ಪ್ರನಾಳದ ಎಣ್ಣೆಯ ಪದರದಂತೆ ಇದೂ ಒಂದು ತಡೆ. ಬ್ರೇಕಿಗೆ ಮಾತ್ರ ಎಣ್ಣೆ ತಾಗಬಾರದು.
5. ಬ್ಯಾಟರಿ ಬಿಚ್ಚುವುದು, ಮೊದಲು ಋಣ ತುದಿ: ಧನ ತುದಿ ಬಿಚ್ಚುವಾಗ ಸ್ಪಾನರ್ ಚಾಸಿಗೆ ತಾಗಿದರೂ ಮಂಡಲ ಪೂರ್ಣವಾಗುವುದಿಲ್ಲ.
6. ಸೆಂಟರ್ ಸ್ಟ್ಯಾಂಡ್ ಹಾಕುವುದು: ಟಯರಿನ ಒಂದೇ ಜಾಗದ ಮೇಲೆ ಭಾರ ಬೀಳದು.
7. ಸೈಲೆನ್ಸರ್ ತಣಿದ ಮೇಲೆ ಬಾಯಿಗೆ ಬಟ್ಟೆ ತುರುಕುವುದು: ಇಲಿ, ಕೀಟ ಒಳಹೊಕ್ಕವು. ಸ್ಟಾರ್ಟ್ ಮಾಡುವ ಮೊದಲು ತೆಗೆಯಬೇಕೆಂದು ಹ್ಯಾಂಡಲಿಗೆ ಚೀಟಿ ಕಟ್ಟಬೇಕು.

“ಬಿಚ್ಚಿಟ್ಟ ಬ್ಯಾಟರಿಯೂ ಯಾಕೆ ಡೌನ್ ಆಗ್ತದೆ?” ಎಂಬ ಪ್ರಶ್ನೆಯೂ ಬಂತು. ಸೀಸ-ಆಮ್ಲ ಬ್ಯಾಟರಿಯೊಳಗೆ ಕ್ರಿಯೆ ನಿಧಾನವಾಗಿ ನಡೆಯುತ್ತಲೇ ಇರುತ್ತದೆ. ಫಲಕಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಬಹುಕಾಲ ಹಾಗೆಯೇ ಬಿಟ್ಟರೆ ಅದು ಗಟ್ಟಿಯಾಗಿ, ಮರುಚಾರ್ಜ್ ಕಷ್ಟ. ಪೂರ್ತಿ ಚಾರ್ಜಾದ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ತಿಂಗಳಿಗೊಮ್ಮೆ ಅಳೆದು, 12.4ಕ್ಕಿಂತ ಇಳಿದರೆ ಚಾರ್ಜ್ ಮಾಡಿಸಬೇಕು.

ಮೌಲ್ಯಮಾಪನ

ಏಳು ಹಂತಗಳ ಚೀಟಿಗಳನ್ನು ಕಲಸಿ ಗುಂಪುಗಳಿಗೆ ಕೊಟ್ಟೆ. ಬ್ಯಾಟರಿಯನ್ನು ಮೊದಲೇ ಬಿಚ್ಚಿದ ಗುಂಪಿಗೆ ಇನ್ನೊಂದು ಗುಂಪು, “ಸೆಲ್ಫ್ ಸ್ಟಾರ್ಟ್ ಬೈಕಾದರೆ ಮೂರನೆಯ ಹಂತಕ್ಕೆ ಎಂಜಿನ್ ಓಡಿಸುವುದು ಹೇಗೆ?” ಎಂದು ಕೇಳಿತು. ಬಾಯಿಪಾಠ ಮಾಡಿದ ಪಟ್ಟಿಯಿಂದ ಈ ಪ್ರಶ್ನೆ ಹುಟ್ಟುವುದಿಲ್ಲ. ಕಾರಣ ತಿಳಿದಾಗಲೇ ಹುಟ್ಟುತ್ತದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಪೆಟ್ರೋಲು, ಬ್ಯಾಟರಿಯ ಆಮ್ಲ ಮಕ್ಕಳ ಕೈಗೆ ಹೋಗಬಾರದು. ಆ ಹಂತಗಳನ್ನು ಚಿತ್ರದಲ್ಲಷ್ಟೇ ತೋರಿಸಿ. ಮೊಳೆಯ ಪ್ರಯೋಗವನ್ನು ಪಾಠಕ್ಕೆ ಒಂದು ವಾರ ಮೊದಲೇ ಆರಂಭಿಸಿ. ಬೈಕಿಲ್ಲದ ಮನೆಯ ಮಕ್ಕಳಿಗೆ ಹೊಲಿಗೆ ಯಂತ್ರ, ಹುಲ್ಲು ಕತ್ತರಿಸುವ ಯಂತ್ರ ಅಥವಾ ಕತ್ತಿಯನ್ನು ಉದಾಹರಣೆಯಾಗಿ ಕೊಡಬಹುದು.