ಬಾಗಿಲು ತೆರೆಯಿತು, ಲೋಕಲ್ ತೆರೆಯಲಿಲ್ಲ

ಕೋವಿಡ್ ಕಾಲದ ನಿಯಮಗಳನ್ನು ಹೋಟೆಲ್ ಬಂಧುಗಳಾದ ನಾವು ಬಿಡಿಬಿಡಿಯಾಗಿ ಅಲ್ಲ, ಜೋಡಿಸಿ ಓದಬೇಕು. ಮಹಾರಾಷ್ಟ್ರದಲ್ಲಿ 2020ರ ಅಕ್ಟೋಬರ್ 5ರಿಂದ ಶೇ. 50 ಆಸನಗಳೊಂದಿಗೆ ಹೋಟೆಲುಗಳಿಗೆ ಅನುಮತಿ ದೊರೆಯಿತು. ಮುಂಬಯಿ ಲೋಕಲ್ ಜನಸಾಮಾನ್ಯರೆಲ್ಲರಿಗೂ ದೊರೆತದ್ದು 2021ರ ಫೆಬ್ರವರಿ 1ಕ್ಕೆ. ಅದೂ ಬೆಳಿಗ್ಗೆ 7ರೊಳಗೆ, ಮಧ್ಯಾಹ್ನ 12ರಿಂದ 4, ರಾತ್ರಿ 9ರ ನಂತರ ಮಾತ್ರ. ನಡುವಿನ ನಾಲ್ಕು ತಿಂಗಳು ಕಲ್ಯಾಣ, ವಿರಾರಗಳ ಸಪ್ಲೈಯರ್ ಕೆಲಸಕ್ಕೆ ಬರುವುದೆಂತು?

ಫೆಬ್ರವರಿಯ ವೇಳಾಪಟ್ಟಿ ನಮಗೆ ಅಷ್ಟು ಕೆಟ್ಟದ್ದೇನಲ್ಲ. ಇಡ್ಲಿ ಭಟ್ಟರು 7ರೊಳಗೆ ಬಂದು ಮಧ್ಯಾಹ್ನ ಮರಳಬಹುದು. ಸಂಜೆಯವರು 4ರೊಳಗೆ ಬಂದು 9ರ ಮೇಲೆ ಹೊರಡಬಹುದು. ಆದರೆ ಗಿರಾಕಿ ಅರ್ಧ, ಬಾಡಿಗೆ ಪೂರ್ತಿ ಇರುವಾಗ ಎರಡು ಪಾಳಿಯ ಸಂಬಳ ಎಲ್ಲಿಂದ?

ಎರಡು ಡೋಸ್ ಪಡೆದು 14 ದಿನ ಕಳೆದವರಿಗೆ ಲೋಕಲ್, ಹೋಟೆಲಿಗೆ ರಾತ್ರಿ 10ರ ತನಕ ವೇಳೆ - ಇವೆರಡೂ ಒಂದೇ ದಿನ ಜಾರಿಯಾದದ್ದು 2021ರ ಆಗಸ್ಟ್ 15ರಂದು.